ಕಾವಲುಗಾರನಿಂದಲೇ ಮನೆ ಕುಸಿದಾಗ

ನಿನ್ನೆ ರಾತ್ರಿಯವರೆಗೂ ನೆಟ್ಟಗಿದ್ದ ಕಂಪ್ಯೂಟರ್ ಬೆಳಗಾಗುವಷ್ಟರಲ್ಲಿ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಮತ್ತೆ ಚಾಲೂ ಮಾಡಿದರೆ ಮತ್ತೆ ಅದೇ ನೀಲಿ. ಮನೆಯವರಿಗೆ ಮೊದಲ ಸಂಶಯ ಮಕ್ಕಳ ಮೇಲೆ, ಎರಡನೆಯದು ವೈರಸ್ಸಿನ ಮೇಲೆ. ವೈರಸ್ಸನ್ನು ತಡೆಯಲೆಂದು ತಂದಿಟ್ಟ ಕಾವಲು ತಂತ್ರಾಂಶವನ್ನು ಮಾತ್ರ ಯಾರೂ ಶಂಕಿಸುವುದಿಲ್ಲ.

ಕಂಪ್ಯೂಟರಿನ ತಂತ್ರಾಂಶಗಳೆಲ್ಲ ಒಂದೇ ಅಂತಸ್ತಿನವಲ್ಲ. ಪತ್ರ ಬರೆಯುವ, ಚಿತ್ರ ತೋರಿಸುವ ತಂತ್ರಾಂಶಗಳು ಹೊರ ಅಂಗಳದಲ್ಲಿ ಇರತಕ್ಕವು. ಅವು ಎಡವಿದರೆ ವಿಂಡೋಸ್ ಅವನ್ನಷ್ಟೇ ಮುಚ್ಚಿ ಮುಂದುವರಿಯುತ್ತದೆ. ಆದರೆ ಕಾವಲು ತಂತ್ರಾಂಶದ ಒಂದಂಶಕ್ಕೆ ಗರ್ಭಗುಡಿಗೇ ಪ್ರವೇಶವುಂಟು. ಆ ಗರ್ಭಗುಡಿಯ ಹೆಸರು ಕರ್ನೆಲ್. ಅಲ್ಲಿ ಪ್ರಮಾದವಾದರೆ, ಇರುವ ದತ್ತಾಂಶವೂ ಕೆಡದಿರಲೆಂದು ವಿಂಡೋಸ್ ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ನೀಲಿ ಪರದೆಯ ಅರ್ಥ ಇಷ್ಟೆ. (ವಿಂಡೋಸ್ 11ರಲ್ಲಿ 2025ರಿಂದ ಅದು ಕಪ್ಪಾಗಿದೆ. ಬಣ್ಣ ಬದಲಾಯಿತೆಂದು ಬವಣೆ ಬದಲಾಗಲಿಲ್ಲ!)

2018ರ ಜನವರಿಯಲ್ಲಿ ಪ್ರೊಸೆಸರುಗಳಲ್ಲಿನ ‘ಮೆಲ್ಟ್‌ಡೌನ್’ ಎಂಬ ದೋಷ ಬಯಲಾಯಿತು. ಅದನ್ನು ಮುಚ್ಚಲು ಮೈಕ್ರೋಸಾಫ್ಟ್ ಕರ್ನೆಲ್ಲಿನ ಮೆಮೊರಿಯ ಏರ್ಪಾಟನ್ನು ಬದಲಿಸಿತು. ಕೆಲವು ಆ್ಯಂಟಿವೈರಸ್ಸುಗಳಾದರೋ ಒಪ್ಪಿಗೆಯಿಲ್ಲದ ಹಾದಿಯಿಂದ ಅದೇ ಮೆಮೊರಿಯನ್ನು ಮುಟ್ಟುತ್ತಿದ್ದವು. ಹಳೆಯ ಮನೆಯ ಕಳ್ಳದಾರಿಗೆ ಹೊಸ ಮನೆಯಲ್ಲಿ ಗೋಡೆ ಎದುರಾಯಿತು. ಯಂತ್ರಗಳು ಏಳಲಾರದೆ ಹೋದವು. ತಾನು ಹೊಂದಿಕೊಂಡಿರುವೆನೆಂದು ಆ್ಯಂಟಿವೈರಸ್ಸು ರಿಜಿಸ್ಟ್ರಿಯಲ್ಲಿ ಗುರುತು ಹಾಕುವವರೆಗೆ ಆ ಯಂತ್ರಕ್ಕೆ ಹೊಸ ರಕ್ಷಣೆಯನ್ನು ಕೊಡಲಾಗದೆಂದು ಮೈಕ್ರೋಸಾಫ್ಟ್ ತಡೆಹಿಡಿಯಿತು. ಕಾವಲುಗಾರನ ದೆಸೆಯಿಂದಲೇ ಬಾಗಿಲು ತೆರೆದುಳಿದ ವಿಚಿತ್ರವಿದು.

2024ರ ಜುಲೈ 19ರಂದು ಆದುದು ಇನ್ನೂ ದೊಡ್ಡದು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಕಾವಲು ತಂತ್ರಾಂಶ 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು. ಅದಕ್ಕೆ ಒದಗಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಹೋದ ಕ್ಷಣವೇ ಪತನ! ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ಬಿದ್ದವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿಯೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಸಂಸ್ಥೆಯು 78 ನಿಮಿಷಗಳಲ್ಲಿ ತಪ್ಪನ್ನು ಹಿಂತೆಗೆದುಕೊಂಡಿತಾದರೂ, ಬಿದ್ದ ಯಂತ್ರ ತಿದ್ದುಪಡಿಯನ್ನು ಪಡೆಯುವುದೆಂತು? ಅನೇಕ ಕಡೆ ಒಂದೊಂದೇ ಯಂತ್ರದ ಮುಂದೆ ಕುಳಿತು, ‘ಸೇಫ್ ಮೋಡ್’ನಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಬೇಕಾಯಿತು.

ಮನೆಯಲ್ಲಿಯೂ ಉಪಾಯ ಇದೇ. ಕೆಲವು ಸಲ ಏಳಲಾರದೆ ಹೋದಾಗ ವಿಂಡೋಸ್ ತಾನಾಗಿ ದುರಸ್ತಿಯ ಪುಟವನ್ನು ತೆರೆಯುತ್ತದೆ. ಅಲ್ಲಿಂದ ಸೇಫ್ ಮೋಡನ್ನು ಆರಿಸಬಹುದು. ಆಗ ಅತ್ಯಗತ್ಯವಾದ ಅಂಶಗಳಷ್ಟೇ ಏಳುತ್ತವೆ, ಹೊರಗಿನ ಕಾವಲುಗಾರ ಬಹುಮಟ್ಟಿಗೆ ಮಲಗಿಯೇ ಇರುತ್ತಾನೆ. ಯಂತ್ರ ಹೀಗೆ ನೆಟ್ಟಗೆ ನಿಂತರೆ, ಕೊನೆಯಲ್ಲಿ ಸೇರಿಸಿದುದು ಯಾವುದೆಂದು ನೆನೆಯಿರಿ: ವಿಂಡೋಸಿನ ಪರಿಷ್ಕರಣವೇ, ಆ್ಯಂಟಿವೈರಸ್ಸೇ, ಮುದ್ರಣಯಂತ್ರದ ಡ್ರೈವರೇ? ಒಂದನ್ನು ತೆಗೆದು ನೋಡಿ, ಅನಂತರ ಇನ್ನೊಂದನ್ನು. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಅಪರಾಧಿ ಯಾರೆಂಬುದು ತಿಳಿಯದು.

ಇನ್ನೊಂದು ಮಾತು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಈ ದುರಸ್ತಿಗೆ ಮೊದಲು 48 ಅಂಕಿಗಳ ಕೀಲಿಯನ್ನು ಯಂತ್ರ ಕೇಳೀತು. ಅದನ್ನು ಈಗಲೇ ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ; ಅದೇ ಕಂಪ್ಯೂಟರಿನೊಳಗಲ್ಲ.