ನಿದ್ದೆ ಗುಳಿಗೆಗೆ ಜೀವಕೋಶದ ಸಾಕ್ಷಿ

1917ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಅಲೆನ್ ಎಂಬಿಬ್ಬರು ಕಪ್ಪೆಯ ಗೊದಮೊಟ್ಟೆಗಳಿಗೆ ದನದ ಪೀನಿಯಲ್ ಗ್ರಂಥಿಯನ್ನು ತಿನ್ನಿಸಿದರು. ಅರ್ಧ ಗಂಟೆಯೊಳಗೆ ಮರಿಗಳು ಬಿಳಿಚಿಕೊಂಡು, ಹೊಟ್ಟೆಯೊಳಗಿನದೆಲ್ಲ ಹೊರಗೇ ಕಾಣತೊಡಗಿತು. ಕಾರಣವಾದ ವಸ್ತು ಯಾವುದೆಂದು ತಿಳಿಯಲು ನಲವತ್ತು ವರ್ಷ ಹಿಡಿಯಿತು. 1958ರಲ್ಲಿ ಅದನ್ನು ಬೇರ್ಪಡಿಸಿದವರು ಯೇಲ್‌ನ ಚರ್ಮವೈದ್ಯ ಆರನ್ ಲರ್ನರ್. ತೊನ್ನಿನಂಥ ಚರ್ಮದ ತೊಂದರೆಗೆ ಮದ್ದು ಸಿಕ್ಕೀತೆಂದು ಹುಡುಕುತ್ತಿದ್ದವರ ಕೈಗೆ ಬಂದದ್ದು ಇರುಳಿನ ಹಾರ್ಮೋನು, ಮೆಲಟೋನಿನ್.

ಕಪ್ಪೆಯ ಮೈಬಣ್ಣ ತಿಳಿಯಾಗಿಸುವ ಇದೇ ವಸ್ತು ನಮ್ಮ ದೇಹಕ್ಕೆ ಕತ್ತಲಾದ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಪಡೆಯುವ ಗ್ರಾಹಕಗಳು ನಮ್ಮಲ್ಲಿ ಎರಡು ಬಗೆ: ಎಂಟಿ1 ಮತ್ತು ಎಂಟಿ2. ಮದ್ದು ಹುಡುಕುವವರಿಗೆ ಇವೇ ಗುರಿ. ಆದರೆ ಮಿದುಳಿನಲ್ಲಿ ಇವು ವಿರಳ. ಎರಡೂ ಒಟ್ಟಿಗಿದ್ದಲ್ಲಿ ಓಗೊಟ್ಟದ್ದು ಯಾವುದೆಂದು ಹೇಳುವುದು ಕಷ್ಟ. 1994ರಲ್ಲಿ ಸ್ಟೀವನ್ ರೆಪರ್ಟ್ ತಂಡ ಕಪ್ಪೆಯ ಚರ್ಮದ ಕರಿಕೋಶಗಳಿಂದಲೇ ಮೊದಲ ಗ್ರಾಹಕದ ಜೀನನ್ನು ಹಿಡಿಯಿತು. ಮನುಷ್ಯರ ಜೀನುಗಳೂ ಬೆನ್ನಿಗೇ ಸಿಕ್ಕವು.

ಈಗ ಜೀನ್ ಇಡಲು ಮೆಲಟೋನಿನ್ನಿನ ಗಂಧಗಾಳಿ ಇಲ್ಲದ ಕೋಶ ಬೇಕು. ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ 1950ರ ದಶಕದಲ್ಲಿ ತೆಗೆದ ಕೋಶಗಳ ಸಂತತಿ, ಸಿಎಚ್‌ಒ, ಇದಕ್ಕೆ ಹೇಳಿ ಮಾಡಿಸಿದಂತಿದೆ. ಮನುಷ್ಯನ ಎಂಟಿ1 ಜೀನಿನ ಜೊತೆಗೆ ಆ್ಯಂಟಿಬಯೋಟಿಕ್ಕನ್ನು ತಾಳಿಕೊಳ್ಳುವ ಜೀನನ್ನೂ ಒಳಕ್ಕೆ ಸೇರಿಸುತ್ತಾರೆ. ಆಮೇಲೆ ಅದೇ ಆ್ಯಂಟಿಬಯೋಟಿಕ್ ಹಾಕಿದರೆ ಜೀನ್ ಸೇರದವು ಸಾಯುತ್ತವೆ. ಬದುಕಿದವನ್ನು ಒಂಟೊಂಟಿಯಾಗಿ ಬೆಳೆಸಿ, ಚೆನ್ನಾಗಿ ಓಗೊಡುವ ಒಂದರ ಸಂತಾನವನ್ನು ದ್ರವ ಸಾರಜನಕದಲ್ಲಿ ಕಾಪಿಡುತ್ತಾರೆ, ನಾಳೆಗೆಂದು ಹೆಪ್ಪು ಎತ್ತಿಟ್ಟ ಹಾಗೆ. ಎಂಟಿ2ಗೆ ಬೇರೆಯೇ ಸಂತತಿ.

ಪರೀಕ್ಷೆಯಲ್ಲೊಂದು ತೊಡಕಿದೆ. ಈ ಗ್ರಾಹಕಗಳು ಎಚ್ಚೆತ್ತರೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಇಳಿಯುತ್ತದೆ. ಮೊದಲೇ ತಳ ಹಿಡಿದಿರುವುದು ಇನ್ನಷ್ಟು ಇಳಿದರೆ ಗೊತ್ತಾಗುವುದು ಹೇಗೆ? ಅದಕ್ಕೇ ಫೋರ್ಸ್ಕೋಲಿನ್ ಹಾಕಿ ಮೊದಲು ಅದನ್ನು ಉಕ್ಕಿಸುತ್ತಾರೆ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಮದ್ದು ಅದನ್ನು ತಗ್ಗಿಸಿದರೆ ಗ್ರಾಹಕ ಓಗೊಟ್ಟಿತೆಂದು ಲೆಕ್ಕ. ಏರಿಳಿತಕ್ಕೆ ತಕ್ಕಂತೆ ಬೆಳಕು ಸೂಸುವ ಪ್ರೋಟೀನನ್ನೂ ಕೋಶದಲ್ಲಿ ಕೂರಿಸಬಹುದು; ಆಗ ಯಂತ್ರ ಬೆಳಕನ್ನು ಅಳೆದರಾಯಿತು. ಅಂದಹಾಗೆ, ಫೋರ್ಸ್ಕೋಲಿನ್ ಸಿಗುವುದು ಕರ್ನಾಟಕದಲ್ಲೂ ಬೆಳೆಯುವ ಮಾಕಂದಿ ಬೇರಿನಲ್ಲಿ. (ನಮ್ಮ ಉಪ್ಪಿನಕಾಯಿಯ ಮಾಗಳಿ ಬೇರಲ್ಲ, ಅದು ಬೇರೆ ಗಿಡ.) 1970ರ ದಶಕದಲ್ಲಿ ಮುಂಬೈಯ ಹೆಕ್ಸ್ಟ್ ಸಂಶೋಧನಾ ಕೇಂದ್ರದವರು ಬೇರ್ಪಡಿಸಿದ ಈ ವಸ್ತು ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇದೆ.

2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಾಮೆಲ್ಟಿಯಾನ್ ಎಂಬ ನಿದ್ದೆಯ ಮದ್ದು ಎರಡೂ ಗ್ರಾಹಕಗಳಿಗೆ ಬಿಗಿಯಾಗಿ ಅಂಟುತ್ತದೆಂದು ಅಳೆದದ್ದು ಇಂಥ ಕೋಶಗಳಲ್ಲೇ.

ಆದರೆ ಈ ಸಾಕ್ಷಿಯನ್ನು ಪೂರ್ತಿ ನಂಬುವಂತಿಲ್ಲ. ಕೋಶದಲ್ಲಿ ಗ್ರಾಹಕಗಳನ್ನು ಅತಿಯಾಗಿ ತುಂಬಿದರೆ ಸಪ್ಪೆ ಮದ್ದೂ ಹುಲಿಯಂತೆ ಕಾಣುತ್ತದೆ. ಇದಕ್ಕಿಂತ ಸ್ವಾರಸ್ಯದ ಕತೆ 2020ರದು. ಹಿಂದಿನ ವರ್ಷವಷ್ಟೇ ತಿಳಿದುಬಂದಿದ್ದ ಎಂಟಿ1 ರಚನೆಗೆ ಸಂಶೋಧಕರು 15 ಕೋಟಿಗೂ ಹೆಚ್ಚು ಅಣುಗಳನ್ನು ಕಂಪ್ಯೂಟರಿನಲ್ಲೇ ಜೋಡಿಸಿ ನೋಡಿ, 38ನ್ನು ನಿಜಕ್ಕೂ ತಯಾರಿಸಿ ಕೋಶಗಳಲ್ಲಿ ಪರೀಕ್ಷಿಸಿದರು. ಮುಂದೆ ಅವನ್ನು ತಿದ್ದಿ ಪಡೆದ ಎರಡು ಅಣುಗಳು ಕೋಶದಲ್ಲಿ ಮೆಲಟೋನಿನ್ನಿಗೆ ತದ್ವಿರುದ್ಧವಾಗಿ ವರ್ತಿಸಿ, ಗ್ರಾಹಕದ ಸದ್ದಡಗಿಸಿದವು. ಅವನ್ನೇ ಇಲಿಗಳಿಗೆ ಮುಸ್ಸಂಜೆಯ ಹೊತ್ತಿಗೆ ಕೊಟ್ಟಾಗ, ಮೆಲಟೋನಿನ್ ಕೊಟ್ಟಂತೆಯೇ ದೇಹದ ಗಡಿಯಾರ 1.3ರಿಂದ 1.5 ಗಂಟೆ ಮುಂದೋಡಿತು! ಅಣುಗಳು ಬೇರೆಲ್ಲೋ ಕೆಲಸ ಮಾಡಿರಬೇಕೆಂದು ಯಾರಿಗಾದರೂ ಅನುಮಾನ ಬಂದೀತು. ಆದರೆ ಎಂಟಿ2 ಇಲ್ಲದ ಇಲಿಗಳಲ್ಲೂ ಗಡಿಯಾರ ಹಾಗೆಯೇ ಮುಂದೋಡಿತು; ಎಂಟಿ1 ಇಲ್ಲದ ಇಲಿಗಳಲ್ಲಿ ಮಾತ್ರ ಕದಲಲಿಲ್ಲ.