ಪಿಶಾಚಿ ಇಲ್ಲೇಕಿದೆ?

ಮೇಜಿನ ಸುತ್ತ ಐದಾರು ಜನ. ಅವರೆದುರು ಕಾಗದ, ಪೆನ್ಸಿಲು, ಕೆಲವು ದಾಳಗಳು, ಅಷ್ಟೆ. ಒಬ್ಬರು ಸೂತ್ರಧಾರರಾಗಿ ಸನ್ನಿವೇಶವನ್ನು ಬಣ್ಣಿಸುತ್ತಾರೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಕತ್ತಿಯ ಏಟು ತಗುಲಿತೇ ತಪ್ಪಿತೇ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದಾಗ ಇಂಥ ಆಟಗಳ ಯುಗ ಆರಂಭವಾಯಿತು.

ಮೊದಮೊದಲ ಸಾಹಸಗಳ ಚೌಕಟ್ಟು ಸರಳ. ಒಂದು ನೆಲಮಾಳಿಗೆ, ಅದರಲ್ಲಿ ಸಾಲು ಕೋಣೆಗಳು, ಕೋಣೆಗೊಂದು ರಾಕ್ಷಸ, ಅವನನ್ನು ಕೊಂದರೆ ನಿಧಿ. ಭಯ ಇರಲಿಲ್ಲವೆಂದಲ್ಲ. 1978ರಲ್ಲಿ ಪುಸ್ತಿಕೆಯಾಗಿ ಬಂದ ಗೈಗ್ಯಾಕ್ಸ್ ಅವರ ‘ಟೂಂಬ್ ಆಫ್ ಹಾರರ್ಸ್’ನಲ್ಲಿ ಹೆಜ್ಜೆ ಹೆಜ್ಜೆಗೂ ಸಾವಿನ ಬೋನು. ಆದರೆ ಅದು ಬುದ್ಧಿಗೆ ಒಡ್ಡಿದ ಸವಾಲು. ಅಲ್ಲಿ ಹೆದರಿದವರು ಹೆಚ್ಚಾಗಿ ಹೆದರಿದ್ದು ತಮ್ಮ ಪಾತ್ರ ಸತ್ತೀತೆಂದು.

ಟ್ರೇಸಿ ಹಿಕ್‌ಮನ್ ಎಂಬ ಯುವಕ ಇಂಥದೇ ಒಂದು ಆಟದಲ್ಲಿದ್ದಾಗ, ನೆಲಮಾಳಿಗೆಯ ನಡುವೆ ರಕ್ತ ಹೀರುವ ಪಿಶಾಚಿಯೊಂದು, ಅಂದರೆ ವ್ಯಾಂಪೈರ್, ಎದುರಾಯಿತು. ಸುತ್ತ ಇತರ ರಾಕ್ಷಸರ ಕೋಣೆಗಳು, ನಡುವೆ ಇದು. ಈ ಪಿಶಾಚಿ ಇಲ್ಲೇಕಿದೆ? ಇದಕ್ಕೊಂದು ಪೂರ್ವಕಥೆ ಬೇಡವೇ? ಈ ಪ್ರಶ್ನೆಗೆ ಅವರೂ ಪತ್ನಿ ಲಾರಾ ಅವರೂ ಕೂಡಿ ಬರೆದ ಉತ್ತರವೇ ‘ರೇವನ್‌ಲಾಫ್ಟ್’. ಹಲವು ವರ್ಷ ಹ್ಯಾಲೋವೀನ್ ರಾತ್ರಿಗಳಲ್ಲಿ ಸ್ನೇಹಿತರೊಡನೆ ಆಡಿ ತಿದ್ದಿದ ಈ ಸಾಹಸವನ್ನು 1983ರಲ್ಲಿ ಟಿಎಸ್ಆರ್ ಸಂಸ್ಥೆ 32 ಪುಟಗಳ ಪುಸ್ತಿಕೆಯಾಗಿ ಪ್ರಕಟಿಸಿತು.

ಕಥೆ ನಡೆಯುವುದು ಮಂಜು ಮುಸುಕಿದ ಬರೋವಿಯ ಎಂಬ ಕಲ್ಪಿತ ನಾಡಿನಲ್ಲಿ. ಅಲ್ಲಿನ ಒಡೆಯ ಕೌಂಟ್ ಸ್ಟ್ರಾಡ್. ಯೌವನವನ್ನೆಲ್ಲ ಯುದ್ಧದಲ್ಲಿ ಕಳೆದ ಈತ ತಾತ್ಯಾನಾ ಎಂಬ ತರುಣಿಯನ್ನು ಬಯಸಿದ. ಆಕೆ ಒಲಿದದ್ದು ಅವನ ತಮ್ಮ ಸೆರ್ಗೈಗೆ. ಮೃತ್ಯುವಿನೊಡನೆ ಒಪ್ಪಂದ ಮಾಡಿಕೊಂಡ ಸ್ಟ್ರಾಡ್ ಮದುವೆಯ ದಿನವೇ ತಮ್ಮನನ್ನು ಕೊಂದ. ತಾತ್ಯಾನಾ ಕೋಟೆಯ ಗೋಡೆಯಿಂದ ಕೆಳಕ್ಕೆ ಹಾರಿದಳು. ಸಾವೂ ಇಲ್ಲದೆ ಬದುಕೂ ಇಲ್ಲದೆ ಉಳಿದ ಸ್ಟ್ರಾಡ್‌ಗೆ ಈಗ ಹಳ್ಳಿಯ ಐರೀನಾ ಎಂಬ ಯುವತಿಯಲ್ಲಿ ಅದೇ ಮುಖ ಕಾಣುತ್ತದೆ. ಆಟಗಾರರು ಬರೋವಿಯಕ್ಕೆ ಕಾಲಿಡುವುದು ಆಗ.

ಆಟದ ರಚನೆಯೂ ಭಯಕ್ಕೆ ಒದಗಿಬರುತ್ತದೆ. ಮುದುಕಿಯೊಬ್ಬಳು ಇಸ್ಪೀಟೆಲೆಗಳನ್ನು ಹರಡಿ ಕಣಿ ಹೇಳುತ್ತಾಳೆ. ಪಿಶಾಚಿಯನ್ನು ಮಣಿಸಬಲ್ಲ ಖಡ್ಗ ಎಲ್ಲಿದೆ, ಸ್ಟ್ರಾಡ್ ಕೊನೆಗೆ ಸಿಗುವುದೆಲ್ಲಿ, ಈ ಬಾರಿ ಅವನ ಹಂಚಿಕೆಯೇನು ಎಂಬುದನ್ನೆಲ್ಲ ಆ ಎಲೆಗಳೇ ನಿಶ್ಚಯಿಸುತ್ತವೆ. ಆದ್ದರಿಂದ ಒಮ್ಮೆ ಆಡಿದವನಿಗೂ ಮರುಸಲ ದಾರಿ ಗೊತ್ತಿರುವುದಿಲ್ಲ. ಸ್ಟ್ರಾಡ್ ಕೋಣೆಯಲ್ಲಿ ಕಾದು ಕೂರುವ ರಾಕ್ಷಸನೂ ಅಲ್ಲ. ಬರುತ್ತಾನೆ, ಗಾಯಗೊಳಿಸುತ್ತಾನೆ, ಸೋಲುವ ಸೂಚನೆ ಕಂಡರೆ ಮಾಯವಾಗುತ್ತಾನೆ.

ಆದರೆ ನಿಜವಾದ ಭಯದ ಬೇರು ಇನ್ನೂ ಆಳದಲ್ಲಿದೆ. ಬ್ರಾಂ ಸ್ಟೋಕರ್ ಅವರ ‘ಡ್ರಾಕುಲಾ’ 1897ರಲ್ಲಿ ಬಂದ ಮೇಲೆ ಸಾಹಿತ್ಯ, ಸಿನಿಮಾಗಳು ಈ ಪಿಶಾಚಿಯನ್ನು ಹಲವು ಬಾರಿ ಚೆಲುವ ಪ್ರೇಮಿಯಾಗಿಯೂ ಕಂಡಿವೆ. ಹಿಕ್‌ಮನ್ ಕಂಡದ್ದು ಬೇರೆ: ಹೆಣ್ಣನ್ನು ಹಿಂಸಿಸಿ ಅದನ್ನೇ ಪ್ರೀತಿಯೆನ್ನುವ ಗಂಡಸು. ಸ್ಟ್ರಾಡ್ ಅತ್ತರೆ ಕೇಳುವವರಿಗೆ ಅಯ್ಯೋ ಅನಿಸಬಹುದು. ಆದರೆ ಅವನ ಕಣ್ಣೀರಿನಲ್ಲಿ ಐರೀನಾಳ ಇಷ್ಟಕ್ಕೆ ಜಾಗವಿಲ್ಲ. ಕೋರೆಹಲ್ಲಿನ ಪಿಶಾಚಿ ಊರಿನಲ್ಲಿ ಇಲ್ಲದಿರಬಹುದು. ಇಂಥ ಮನುಷ್ಯ ಯಾವ ಊರಿಗೂ ಅಪರಿಚಿತನಲ್ಲ.

ಈ ಕಥೆಗೂ ತನ್ನದೇ ಕುರುಡುತನವಿತ್ತು. ಕಣಿ ಹೇಳುವ ಅಲೆಮಾರಿಗಳನ್ನು ಪಿಶಾಚಿಯ ಕೈಯಾಳುಗಳಂತೆ ಚಿತ್ರಿಸಿದ್ದು, ಭಾರತದಿಂದ ವಲಸೆಹೋದವರ ಸಂತತಿಯಾದ ಯೂರೋಪಿನ ರೋಮಾ ಜನರ ಬಗೆಗಿನ ಹಳೆಯ ಪೂರ್ವಗ್ರಹದ ಪಡಿಯಚ್ಚು. 2016ರಲ್ಲಿ ‘ಕರ್ಸ್ ಆಫ್ ಸ್ಟ್ರಾಡ್’ ಎಂಬ ಹೆಸರಿನಲ್ಲಿ ಸಾಹಸ ಹಿಗ್ಗಿ ಮರಳಿ ಬಂದಾಗಲೂ ಅದು ಉಳಿದಿತ್ತು. ಟೀಕೆಗಳ ಬಳಿಕ 2020ರಲ್ಲಿ ಆ ಭಾಗಗಳನ್ನು ಪ್ರಕಾಶಕರು ತಿದ್ದಿದರು.

ಪಿಶಾಚಿಯನ್ನು ಕೊಲ್ಲುವುದು ಹೇಗೆಂದು ಹೇಳುವ ಆಟಗಳು ಬೇಕಾದಷ್ಟಿವೆ. ಅದು ಪಿಶಾಚಿಯಾದದ್ದು ಹೇಗೆಂದು ಕೇಳಿದ್ದರಿಂದಲೇ ಈ 32 ಪುಟಗಳು ನಾಲ್ಕು ದಶಕ ದಾಟಿಯೂ ಬಾಳಿವೆ.