ಮನೆಯ ಕಂಪ್ಯೂಟರಿಗೂ ಪಾಳಿ ಬೇಕು

ಅಡಿಕೆ ಲೆಕ್ಕ ನೋಡಲು ಸಂಘದ ಕಚೇರಿಗೆ ಬರುವ ನಮ್ಮ ರಟ್ಟೀಹಳ್ಳಿ ಭಾಗದ ಸದಸ್ಯ ಬಂಧುಗಳು ಈಚೆಗೆ ಇನ್ನೊಂದು ಮಾತನ್ನೂ ಕೇಳುತ್ತಾರೆ: "ಮಕ್ಕಳಿಗೆ ಕಂಪ್ಯೂಟರ್ ಕೊಡಸಬೇಕೋ ಬ್ಯಾಡೋ, ಸೆಕ್ರೆಟರಿ ಸಾಹೇಬ್ರ?" ಓದಿಗೆಂದು ತಂದದ್ದು ಆಟಕ್ಕೇ ಮೀಸಲಾದೀತೆಂಬ ಅಂಜಿಕೆ ಅವರದು. ಅದು ಸುಳ್ಳು ಅಂಜಿಕೆಯೇನೂ ಅಲ್ಲ.

2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಪಾಠ ಮನೆಯೊಳಗೆ ಬಂದಿತು. ಚಂದನ ವಾಹಿನಿಯಲ್ಲಿ ಪಾಠಗಳಾದವು, ಉಳಿದದ್ದು ಮೊಬೈಲಿನಲ್ಲಿ. ಮನೆಗೆ ಒಂದೇ ಇದ್ದ ಮೊಬೈಲು ತಂದೆಯ ಕಿಸೆ ಸೇರಿ ತೋಟಕ್ಕೆ ಹೋದರೆ ಪಾಠವೂ ತೋಟಕ್ಕೇ ಹೋಗುತ್ತಿತ್ತು. ಆ ವರ್ಷ ನಾವೂ ಒಂದು ಕಂಪ್ಯೂಟರ್ ತಂದೆವು. ತಂದು ಮಗನ ಕೋಣೆಯಲ್ಲಿ ಇಟ್ಟೆವು. ತಪ್ಪಾದದ್ದು ಅಲ್ಲಿಯೇ.

ಪರೀಕ್ಷೆಯಲ್ಲಿ ಮಗಳ ಅಂಕ ಇಳಿದಾಗ ಗದರಿಸಿದೆವು. ಅವಳು ಅಂದದ್ದು ಇಷ್ಟೇ: "ಅಪ್ಪಾ, ತಮ್ಮ ಆಡಿ ಮುಗಸೂದ್ರಾಗ ಹನ್ನೊಂದು ಆಗತೈತಿ. ನಾ ಯಾವಾಗ ಓದ್ಲಿ?" ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನವೇ ಯಂತ್ರ ಪಡಸಾಲೆಗೆ ಬಂದಿತು. ತೋಟದ ನೀರಿಗೆ ಪಾಳಿ ಇರುವಂತೆ ಇದಕ್ಕೂ ಪಾಳಿಯ ಹಾಳೆ ಬರೆದು ಗೋಡೆಗೆ ಅಂಟಿಸಿದೆವು. ಮೊದಲ ಪಾಳಿ ಮಗಳದು.

ಎಷ್ಟು ಹೊತ್ತು ಎಂಬುದಕ್ಕೂ ಒಂದು ಅಳತೆಯುಂಟು. 2020ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿಯಂತೆ, ಆನ್‌ಲೈನ್ ಪಾಠ 8ನೆಯ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷದ 2 ಅವಧಿ, 9ರಿಂದ 12ರವರೆಗೆ 4 ಅವಧಿ ಮೀರಬಾರದು. ಮನೆಯಲ್ಲಿಯೂ ಇದನ್ನೇ ಲಕ್ಷ್ಯದಲ್ಲಿಡಬಹುದು.

ಏನು ಕಲಿಯಬೇಕೆಂಬುದಕ್ಕೆ ಕೊರತೆಯಿಲ್ಲ. 2017ರಲ್ಲಿ ಆರಂಭವಾದ 'ದೀಕ್ಷಾ'ದಲ್ಲಿ ಶಾಲಾ ಪಾಠಗಳಿವೆ. ಅದೇ ವರ್ಷದ 'ಸ್ವಯಂ'ನಲ್ಲಿ ಕಾಲೇಜಿನವರಿಗೆ ಪಾಠಗಳಿವೆ. ಮುಂಬಯಿ ಐಐಟಿಯ 'ಸ್ಪೋಕನ್ ಟ್ಯುಟೋರಿಯಲ್' ಕಂಪ್ಯೂಟರ್ ವಿದ್ಯೆಯನ್ನು ಕನ್ನಡದಲ್ಲಿಯೂ ಹೇಳಿಕೊಡುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ನೋಡಬಹುದು.

ಆಟವನ್ನು ಪೂರ್ತಿ ನಿಲ್ಲಿಸಿದೆವೆಂದಲ್ಲ. ಮಗನಿಗೂ ಪಾಳಿಯುಂಟು. ಬೇಸರ ಕಳೆಯಲೆಂದು 'ನುಡಿ'ಯಲ್ಲಿ ಕನ್ನಡ ಬೆರಳಚ್ಚು ಕಲಿತ ಅವನು ಒಂದು ಸಂಜೆ ನಮ್ಮ ತೋಟದ ಖರ್ಚನ್ನು ಕಂಪ್ಯೂಟರಿಗೆ ಏರಿಸಲು ಕುಳಿತ. ಗೊಬ್ಬರದ ಒಂದು ಖರ್ಚನ್ನು ನಾವು ಎರಡು ಸಲ ಬರೆದದ್ದನ್ನು ಹಿಡಿದು ತೋರಿಸಿದ. ಊರ ಲೆಕ್ಕ ನೋಡುವ ನಮಗೆ ತುಸು ನಾಚಿಕೆಯೂ ಹೆಚ್ಚು ಸಂತೋಷವೂ ಆಯಿತು.

ಆದ್ದರಿಂದ ಬಂಧುಗಳೇ, ಕಂಪ್ಯೂಟರ್ ಕೊಡಿಸಿರಿ. ಆದರೆ ಹಣ ಎಣಿಸುವ ಮೊದಲು ಅದನ್ನು ಎಲ್ಲಿ ಇಡುವುದು, ಮೊದಲ ಪಾಳಿ ಯಾರದು ಎಂಬೆರಡನ್ನು ಮನೆಮಂದಿಯೆಲ್ಲ ಕುಳಿತು ತೀರ್ಮಾನಿಸಿರಿ. ಹೆಣ್ಣುಮಕ್ಕಳನ್ನೂ ಕೇಳಿರಿ, ನಾವು ಕೇಳಿರಲಿಲ್ಲ.